ಸಸ್ಯಕೋಶ ಮತ್ತು ಪ್ರಾಣಿಕೋಶದ ವಿಭಜನೆ: ವ್ಯತ್ಯಾಸ ಇರುವುದೆಲ್ಲಿ?

ಮೈಟಾಸಿಸ್‌ನ, ಅಂದರೆ ಕೋಶಕೇಂದ್ರ ಎರಡಾಗುವ ಕ್ರಿಯೆಯ, ಕ್ರಮ ಸಸ್ಯಗಳಲ್ಲೂ ಪ್ರಾಣಿಗಳಲ್ಲೂ ಒಂದೇ. ಇಮ್ಮಡಿಗೊಂಡ ವರ್ಣತಂತುಗಳು ಪ್ರೊಫೇಸ್‌ನಲ್ಲಿ ದಪ್ಪಗಾಗಿ, ಮೆಟಾಫೇಸ್‌ನಲ್ಲಿ ಕೋಶದ ನಡುಭಾಗಕ್ಕೆ ಬಂದು, ಅನಾಫೇಸ್‌ನಲ್ಲಿ ಎರಡು ಧ್ರುವಗಳತ್ತ ಸರಿದು, ಟೀಲೋಫೇಸ್‌ನಲ್ಲಿ ಎರಡು ಕೋಶಕೇಂದ್ರಗಳಾಗುತ್ತವೆ. ಇದನ್ನು ಎರಡು ಸಲ ಕಲಿಯಬೇಕಾಗಿಲ್ಲ. ಮುಖ್ಯ ವ್ಯತ್ಯಾಸವಿರುವುದು ಆಮೇಲೆ ನಡೆಯುವ ಕೋಶದ್ರವ್ಯದ ವಿಭಜನೆಯಲ್ಲಿ; ಅದಕ್ಕೆ ಕಾರಣ, ಸಸ್ಯಕೋಶದ ಸುತ್ತ ಸೆಲ್ಯುಲೋಸಿನ ಗಡುಸಾದ ಭಿತ್ತಿಯಿರುವುದು.

ಪ್ರಾಣಿಕೋಶದಲ್ಲಿ ಅನಾಫೇಸ್ ನಡೆಯುತ್ತಿರುವಾಗಲೇ ಕೋಶಪೊರೆಯ ಒಳಮೈಗೆ ಹೊಂದಿಕೊಂಡು ಆಕ್ಟಿನ್ ಮತ್ತು ಮಯೋಸಿನ್ ಪ್ರೋಟೀನುಗಳ ಉಂಗುರವೊಂದು ರೂಪುಗೊಳ್ಳುತ್ತದೆ. ಚೀಲದ ಬಾಯಿಯ ದಾರವನ್ನು ಎಳೆದಂತೆ ಅದು ಬಿಗಿಯುತ್ತಾ ಹೋದಾಗ ಪೊರೆ ಹೊರಗಿನಿಂದ ಒಳಕ್ಕೆ ತಗ್ಗಿ, ಕೊನೆಗೆ ಕೋಶ ಎರಡಾಗುತ್ತದೆ. ಸೈಟೊಕೆಲಾಸಿನ್ ಎಂಬ ರಾಸಾಯನಿಕದಿಂದ ಆಕ್ಟಿನ್ ಎಳೆಗಳ ರಚನೆಯನ್ನು ತಡೆದರೆ, ಎರಡು ಕೋಶಕೇಂದ್ರಗಳಿರುವ ಒಂದೇ ಕೋಶ ಉಳಿಯುತ್ತದೆ.

ಗಡುಸಾದ ಭಿತ್ತಿಯನ್ನು ಹೀಗೆ ಹಿಂಡಲಾಗದ ಕಾರಣ ಸಸ್ಯಕೋಶ ನಡುವಿನಿಂದ ಅಂಚಿನ ಕಡೆಗೆ ಹೊಸ ಗೋಡೆಯನ್ನೇ ಕಟ್ಟುತ್ತದೆ. ಎರಡು ಹೊಸ ಕೋಶಕೇಂದ್ರಗಳ ನಡುವೆ ಸೂಕ್ಷ್ಮನಾಳಿಕೆಗಳು (ಪ್ರೋಟೀನಿನ ಅತಿಸಣ್ಣ ಕೊಳವೆಗಳು) ಫ್ರಾಗ್ಮೋಪ್ಲಾಸ್ಟ್ ಎಂಬ ಚೌಕಟ್ಟನ್ನು ರಚಿಸುತ್ತವೆ. ಕೋಶದ ಸಾಮಗ್ರಿಯನ್ನು ಸಿದ್ಧಪಡಿಸಿ ಕಳಿಸುವ ಗಾಲ್ಗಿ ಸಂಕೀರ್ಣದಿಂದ ಹೊರಟ ಪುಟ್ಟ ಕೋಶಿಕೆಗಳು (ಪೊರೆಯ ಚೀಲಗಳು) ಪೆಕ್ಟಿನ್ ಮುಂತಾದ ಭಿತ್ತಿಯ ಸಾಮಗ್ರಿಯನ್ನು ಹೊತ್ತು ಅದರ ಗುಂಟ ಬಂದು, ನಡುವೆ ಒಂದಕ್ಕೊಂದು ಬೆಸೆದು ಕೋಶಫಲಕವಾಗುತ್ತವೆ. ಕೋಶಿಕೆಗಳ ಒಳಗಿದ್ದ ವಸ್ತು ಭಿತ್ತಿಯಾದರೆ, ಅವುಗಳ ಪೊರೆಯೇ ಎರಡೂ ಮರಿಕೋಶಗಳ ಹೊಸ ಪೊರೆಯಾಗುತ್ತದೆ; ಈ ಮಿತವ್ಯಯ ಗಮನಿಸತಕ್ಕದ್ದು. ಫಲಕ ಬೆಳೆಯುವಾಗ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಎಳೆಗಳು ಅದರಲ್ಲಿ ಸಿಕ್ಕಿಕೊಂಡ ಕಡೆಗಳಲ್ಲಿ ಪ್ಲಾಸ್ಮೋಡೆಸ್ಮಾ ಎಂಬ ಕಿರುದಾರಿಗಳು ಉಳಿಯುವುದರಿಂದ, ಗೋಡೆ ಎದ್ದರೂ ಕೋಶಗಳ ಸಂಪರ್ಕ ಪೂರ್ತಿ ಕಡಿಯುವುದಿಲ್ಲ.

ಫಲಕವು ಹಳೆಯ ಭಿತ್ತಿಯನ್ನು ಎಲ್ಲಿ ಸೇರಬೇಕೆಂಬುದೂ ಬಹುತೇಕ ಮೊದಲೇ ಗೊತ್ತಾಗಿರುತ್ತದೆ. ಬೇರಿನ ತುದಿಯಂಥ ಅಂಗಾಂಶಗಳಲ್ಲಿ ಪ್ರೊಫೇಸ್‌ಗೆ ಮುನ್ನ ಸೂಕ್ಷ್ಮನಾಳಿಕೆಗಳ ಪಟ್ಟಿಯೊಂದು ಕೋಶವನ್ನು ಬಳಸಿ ನಿಂತು, ಮೆಟಾಫೇಸ್‌ನ ವೇಳೆಗೆ ಮಾಯವಾಗುತ್ತದೆ. ಫಲಕ ಬಂದು ಕೂಡುವುದು ಅದಿದ್ದ ಜಾಗಕ್ಕೇ. 1966ರಲ್ಲಿ ಗೋಧಿ ಸಸಿಗಳಲ್ಲಿ ಈ ಪಟ್ಟಿಯನ್ನು ವಿವರಿಸಲಾಯಿತು. ಭಿತ್ತಿಯಿಂದ ಬಂಧಿತವಾದ ಸಸ್ಯಕೋಶಗಳು ಮುಂದೆ ಜಾಗ ಬದಲಿಸಲಾರವಾದ್ದರಿಂದ, ಅಂಗದ ಆಕಾರಕ್ಕೆ ಗೋಡೆಯ ದಿಕ್ಕು ಮುಖ್ಯವಾಗುತ್ತದೆ.

ಪರೀಕ್ಷೆಯ ಉತ್ತರಗಳಲ್ಲಿ ಮೊದಲು ಬರುವ ಸೆಂಟ್ರಿಯೋಲ್ (ಪ್ರಾಣಿಕೋಶದ ಧ್ರುವಗಳಲ್ಲಿರುವ ಪುಟ್ಟ ಕೊಳವೆಯಾಕಾರದ ರಚನೆ) ವ್ಯತ್ಯಾಸಕ್ಕೆ ನಾನು ಅಷ್ಟು ತೂಕ ಕೊಡುವುದಿಲ್ಲ. ಹೂಬಿಡುವ ಸಸ್ಯಗಳಲ್ಲಿ ಅವು ಇಲ್ಲ, ನಿಜ. ಆದರೆ ಹಾವಸೆ ಮತ್ತು ಜರೀಗಿಡಗಳ ಈಜುವ ಪುರುಷಾಣುಗಳು ರೂಪುಗೊಳ್ಳುವಾಗ ಅವು ಕಾಣಿಸಿಕೊಳ್ಳುತ್ತವೆ. ಪ್ರಾಣಿಕೋಶದಲ್ಲೂ ಲೇಸರ್‌ನಿಂದ ಅವುಗಳನ್ನು ನಾಶಪಡಿಸಿದ ಮೇಲೆ ಸ್ಪಿಂಡಲ್ (ವರ್ಣತಂತುಗಳನ್ನು ಧ್ರುವಗಳತ್ತ ಸರಿಸುವ ಸೂಕ್ಷ್ಮನಾಳಿಕೆಗಳ ಚೌಕಟ್ಟು) ರಚನೆಯಾಗಬಲ್ಲದು.