ಗೇ ಡೇಟಿಂಗ್ ಆ್ಯಪ್, ಹಣ ಕೊಟ್ಟು ಪಡೆಯುವ ಸಾಂಗತ್ಯ ಮತ್ತು ಕಾನೂನು: ಒಂದು ಅಧ್ಯಯನ ಟಿಪ್ಪಣಿ

ಜನರಿಗೆ ಕಾನೂನು ನೆರವು ತಲುಪಿಸುವ ಪ್ಯಾರಾ ಲೀಗಲ್ ಸ್ವಯಂಸೇವಕರ ತರಬೇತಿಯಲ್ಲಿ ನಮಗೊಂದು ಸಮಸ್ಯೆ ಕೊಟ್ಟಿದ್ದರು. ‘ಕ’ ಎಂಬ ಇಪ್ಪತ್ತೆಂಟು ವರ್ಷದ ಯುವಕನಿಗೆ ಗೇ ಡೇಟಿಂಗ್ ಆ್ಯಪ್‌ನಲ್ಲಿ ‘ಖ’ ಎಂಬುವನ ಪರಿಚಯವಾಗುತ್ತದೆ. ಒಂದು ಸಂಜೆ ಜೊತೆಗಿರಲು ಮೂರು ಸಾವಿರ ರೂಪಾಯಿ ಎಂದು ಮಾತಾಗುತ್ತದೆ. ಭೇಟಿಯ ಮರುದಿನ ‘ಖ’ ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸಿ, ಐವತ್ತು ಸಾವಿರ ಕೊಡದಿದ್ದರೆ ಮನೆಯವರಿಗೂ ಆಫೀಸಿಗೂ ತಿಳಿಸುತ್ತೇನೆ ಎನ್ನುತ್ತಾನೆ. ‘ಕ’ ಪೊಲೀಸರ ಬಳಿ ಹೋಗಬಹುದೇ, ಹೋದರೆ ಅವನೇ ಆರೋಪಿಯಾಗುತ್ತಾನೆಯೇ ಎಂಬುದು ಪ್ರಶ್ನೆ. ನಾನು ಮೊದಲು ಬರೆದ ಉತ್ತರ ತಪ್ಪಾಗಿತ್ತು. ಗಂಡಸರಿಬ್ಬರ ಸಂಬಂಧ, ಹಣ ಕೊಟ್ಟದ್ದು, ಬೆದರಿಕೆ ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ನಾನು ಒಂದೇ ಗಂಟಾಗಿ ಕಟ್ಟಿಬಿಟ್ಟಿದ್ದೆ. ಅದನ್ನು ಬಿಡಿಸಿಕೊಂಡ ಕ್ರಮವನ್ನು, ಮರೆಯುವ ಮುನ್ನ, ಇಲ್ಲಿ ಬರೆದಿಡುತ್ತಿದ್ದೇನೆ.

ಸಂಬಂಧದ ಪ್ರಶ್ನೆ

ಇದು ಬಹುತೇಕ ಎಲ್ಲರಿಗೂ ತಿಳಿದಿರುವುದರಿಂದ ಬೇಗ ಮುಗಿಸುತ್ತೇನೆ. ಗಂಡಸರಿಬ್ಬರ ಲೈಂಗಿಕ ಸಂಬಂಧವನ್ನೂ ಅಪರಾಧವಾಗಿಸಿದ್ದ, ಐಪಿಸಿಯ (ಹಳೆಯ ಭಾರತೀಯ ದಂಡಸಂಹಿತೆಯ) 377ನೇ ಕಲಮನ್ನು ದೆಹಲಿ ಹೈಕೋರ್ಟ್ 2009ರಲ್ಲಿ ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ ತೆಗೆದುಹಾಕಿತು, ಸುಪ್ರೀಂ ಕೋರ್ಟ್ 2013ರಲ್ಲಿ ಅದನ್ನು ಮರಳಿ ತಂದಿತು, 2018ರ ಸೆಪ್ಟೆಂಬರ್ 6ರಂದು ನವತೇಜ್ ಸಿಂಗ್ ಜೋಹರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಮತ್ತೆ ತೆಗೆದುಹಾಕಿತು. ಈ ತೀರ್ಪಿಗೆ ದಾರಿ ಮಾಡಿದ 2017ರ ಖಾಸಗಿತನದ ತೀರ್ಪು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಬಂದದ್ದು ಎಂಬುದನ್ನು ನಾವು ನೆನಪಿಡಬೇಕು. ಒಬ್ಬ ವ್ಯಕ್ತಿಯ ಲೈಂಗಿಕ ಒಲವು ಅವನ ಖಾಸಗಿತನದ ಅತ್ಯಗತ್ಯ ಭಾಗ ಎಂದು ಆ ತೀರ್ಪು ಹೇಳಿರುವುದು ಮುಂದೆ ನಮಗೆ ಬೇಕಾಗುತ್ತದೆ.

2024ರ ಜುಲೈ 1ರಂದು ಐಪಿಸಿಯ ಬದಲಿಗೆ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ಕ್ಕೆ ಸಮನಾದ ಕಲಮೇ ಇಲ್ಲ. ಇದರಿಂದ ಒಂದು ಗಂಭೀರ ಕೊರತೆ ಉಂಟಾಗಿದೆ. ವಯಸ್ಕ ಗಂಡಸಿನ ಮೇಲೆ ನಡೆಯುವ ಬಲಾತ್ಕಾರಕ್ಕೆ ಮೊದಲು 377 ಅನ್ವಯವಾಗುತ್ತಿತ್ತು, ಹೊಸ ಸಂಹಿತೆಯ 63ನೇ ಕಲಮಿನ ಅತ್ಯಾಚಾರದ ವ್ಯಾಖ್ಯೆ ಹೆಣ್ಣಿನ ಮೇಲಿನ ಕೃತ್ಯಕ್ಕೆ ಸೀಮಿತವಾಗಿದೆ. ಈ ಕುರಿತ ಅರ್ಜಿಯನ್ನು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಅದು ಸಂಸತ್ತಿನ ಕೆಲಸ ಎಂದು ಹೇಳಿ, ಪುರಸ್ಕರಿಸಲಿಲ್ಲ. ಹಾಗಾಗಿ ಆ್ಯಪ್ ಮೂಲಕ ಭೇಟಿಯಾದವನಿಂದ ದೌರ್ಜನ್ಯಕ್ಕೆ ಒಳಗಾದವನು ಈಗ ಗಾಯಪಡಿಸುವಿಕೆ, ಅಕ್ರಮ ಬಂಧನ ಮುಂತಾದ ಕಲಮುಗಳನ್ನೇ ಆಧರಿಸಬೇಕಾಗಿದೆ. ಅವನು ಅನುಭವಿಸಿದ ನೋವಿಗೆ ಈ ಕಲಮುಗಳು ಸಾಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹದಿನೆಂಟಕ್ಕಿಂತ ಕಡಿಮೆ ವಯಸ್ಸಿನವರ ವಿಷಯದಲ್ಲಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ. ಅಲ್ಲಿ ಒಪ್ಪಿಗೆಯ ಮಾತೂ ನಡೆಯುವುದಿಲ್ಲ.

ಹಣದ ಪ್ರಶ್ನೆ

ಸುದ್ದಿಗಳಲ್ಲಿ ‘ಪೀಟಾ’ ಎಂದು ಕರೆಯುವ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ ಇಲ್ಲಿ ಮುಖ್ಯ. ಮೂಲದಲ್ಲಿ ಅದು ಸ್ತ್ರೀಯರು ಮತ್ತು ಬಾಲಕಿಯರನ್ನು ಕುರಿತ ಕಾಯ್ದೆಯಾಗಿತ್ತು. 1986ರ ತಿದ್ದುಪಡಿಯಲ್ಲಿ ‘ವ್ಯಕ್ತಿ’ ಎಂಬ ಪದ ಬಂದ ಮೇಲೆ ಗಂಡಸರೂ ಅದರ ವ್ಯಾಪ್ತಿಗೆ ಸೇರಿದರು. ಈ ಕಾಯ್ದೆಯನ್ನು ಓದುವಾಗ, ಅದು ಏನನ್ನು ಶಿಕ್ಷಿಸುತ್ತದೆ ಎಂಬುದಕ್ಕಿಂತ ಏನನ್ನು ಶಿಕ್ಷಿಸುವುದಿಲ್ಲ ಎಂಬುದನ್ನು ಮೊದಲು ಗುರುತು ಹಾಕಿಕೊಳ್ಳಿ. ವಯಸ್ಕನೊಬ್ಬ ಸ್ವಂತ ಇಚ್ಛೆಯಿಂದ, ಒಬ್ಬನೇ, ಖಾಸಗಿ ಸ್ಥಳದಲ್ಲಿ ಹಣ ಪಡೆದು ಸಂಬಂಧ ನಡೆಸುವುದನ್ನು ಅದು ತನ್ನಷ್ಟಕ್ಕೇ ಅಪರಾಧ ಎನ್ನುವುದಿಲ್ಲ. ಅದರ ಸುತ್ತಲಿನ ಎಲ್ಲವನ್ನೂ ಅಪರಾಧವಾಗಿಸುತ್ತದೆ.

ಮೂರನೇ ಕಲಂ ವೇಶ್ಯಾಗೃಹ ನಡೆಸುವುದನ್ನು ಶಿಕ್ಷಿಸುತ್ತದೆ. ವೇಶ್ಯಾಗೃಹ ಎಂದರೆ ದೊಡ್ಡ ಕಟ್ಟಡ ಎಂದುಕೊಂಡಿದ್ದೆ. ವ್ಯಾಖ್ಯೆಯ ಪ್ರಕಾರ ಒಂದು ಕೋಣೆಯೂ, ಒಂದು ವಾಹನವೂ ಆಗಬಹುದು. ಅಲ್ಲಿ ನಡೆಯುವುದು ಬೇರೊಬ್ಬರ ಲಾಭಕ್ಕೋ ಅಥವಾ ಈ ವೃತ್ತಿಯ ಇಬ್ಬರು ಅಥವಾ ಹೆಚ್ಚು ಜನರ ಪರಸ್ಪರ ಲಾಭಕ್ಕೋ ಆಗಿದ್ದರೆ ಸಾಕು. ಅಂದರೆ ಒಬ್ಬನೇ ಇರುವ ಬಾಡಿಗೆ ಕೋಣೆ ವೇಶ್ಯಾಗೃಹವಲ್ಲ, ಸುರಕ್ಷತೆಗೆಂದು ಇಬ್ಬರು ಗೆಳೆಯರು ಕೋಣೆ ಹಂಚಿಕೊಂಡರೆ ಅದೇ ಕೋಣೆ ವೇಶ್ಯಾಗೃಹವಾಗಬಹುದು. ನಾಲ್ಕನೇ ಕಲಂ ಬೇರೊಬ್ಬರ ಇಂಥ ಗಳಿಕೆಯ ಮೇಲೆ ತಿಳಿದೂ ಬದುಕುವ ವಯಸ್ಕರನ್ನು ಹಿಡಿಯುತ್ತದೆ. ಮಗನ ಸಂಪಾದನೆಯಲ್ಲಿ ಊಟ ಮಾಡುವ ತಾಯಿಯೂ ಪದಶಃ ಓದಿದರೆ ಅದರೊಳಗೆ ಬರುತ್ತಾಳೆ. ಐದನೇ ಕಲಂ ಜನರನ್ನು ಒದಗಿಸುವುದನ್ನು, ಅವರ ಒಪ್ಪಿಗೆ ಇದ್ದರೂ, ಶಿಕ್ಷಿಸುತ್ತದೆ. ಕಮಿಷನ್ ಇಟ್ಟುಕೊಂಡು ಗಂಡಸರನ್ನು ಕಳಿಸಿಕೊಡುವ ‘ಎಸ್ಕಾರ್ಟ್ ಏಜೆನ್ಸಿ’ಗಳು ಈ ಎರಡೂ ಕಲಮುಗಳಿಗೆ ಸಿಕ್ಕಿಕೊಳ್ಳುತ್ತವೆ.

ಏಳನೇ ಕಲಮನ್ನು ಬಿಡಿಸಿ ಓದಿ. ಸಾರ್ವಜನಿಕ ಪೂಜಾಸ್ಥಳ, ಶಿಕ್ಷಣ ಸಂಸ್ಥೆ, ಹಾಸ್ಟೆಲ್, ಆಸ್ಪತ್ರೆ, ನರ್ಸಿಂಗ್ ಹೋಮ್ ಇವುಗಳಿಂದ 200 ಮೀಟರ್ ಒಳಗೆ ಇದು ನಡೆದರೆ ಹಣ ಪಡೆದವನೂ ಕೊಟ್ಟವನೂ ಇಬ್ಬರೂ ಮೂರು ತಿಂಗಳವರೆಗಿನ ಶಿಕ್ಷೆಗೆ ಗುರಿಯಾಗುತ್ತಾರೆ. ಬೆಂಗಳೂರಿನಲ್ಲಿ ಗುಡಿ, ಶಾಲೆ, ಪಿಯು ಕಾಲೇಜು, ನರ್ಸಿಂಗ್ ಹೋಮ್ ಯಾವುದೂ 200 ಮೀಟರ್ ಒಳಗಿಲ್ಲದ ಮನೆಯನ್ನು ಹುಡುಕುವುದು ಬಹಳ ಕಷ್ಟ. ಆದ್ದರಿಂದ ‘ಹಣ ಕೊಡುವುದು ಅಪರಾಧವಲ್ಲ’ ಎಂಬ ವಾಕ್ಯವನ್ನು ಉತ್ತರಪತ್ರಿಕೆಯಲ್ಲೂ ಯಾರಿಗಾದರೂ ಸಲಹೆ ಕೊಡುವಾಗಲೂ ಹಾಗೆಯೇ ಬಿಡಬೇಡಿ. ಎಂಟನೇ ಕಲಮಿನಲ್ಲಿ ಬರುವ ಗಿರಾಕಿ ಕರೆಯುವ ಅಪರಾಧಕ್ಕೆ, ಮಾಡಿದವನು ಗಂಡಸಾದರೆ ಏಳು ದಿನಕ್ಕೆ ಕಡಿಮೆಯಿಲ್ಲದ, ಮೂರು ತಿಂಗಳವರೆಗಿನ ಸೆರೆವಾಸವಿದೆ. ಆ ಕಲಂ ‘ಸಾರ್ವಜನಿಕ ಸ್ಥಳ’ವನ್ನು, ಅಲ್ಲಿಂದ ಕಾಣುವ ಕೇಳುವ ಜಾಗವನ್ನು ಮನಸ್ಸಿನಲ್ಲಿಟ್ಟು ಬರೆದದ್ದು, ಇಬ್ಬರ ನಡುವಿನ ಖಾಸಗಿ ಚಾಟ್‌ಗೆ ಅದನ್ನು ಎಳೆದು ತರುವುದು ಪದಗಳಿಗೆ ಹೊಂದುವುದಿಲ್ಲ ಎಂದು ನಾನು ಓದುತ್ತೇನೆ.

ಗಿರಾಕಿಯ ವಿಷಯದಲ್ಲಿ ಹೈಕೋರ್ಟುಗಳಲ್ಲಿ ಒಮ್ಮತವಿಲ್ಲ. ವೇಶ್ಯಾಗೃಹದಲ್ಲಿ ಗಿರಾಕಿಯಾಗಿ ಸಿಕ್ಕವರ ಮೇಲೆ ಹಾಕಿದ್ದ ಪ್ರಕರಣಗಳನ್ನು ಕರ್ನಾಟಕ ಹೈಕೋರ್ಟ್ ರದ್ದುಪಡಿಸಿರುವುದುಂಟು, ಕೇರಳ ಹೈಕೋರ್ಟ್ 2025ರಲ್ಲಿ ಐದನೇ ಕಲಮಿನ ಅಡಿ ಗಿರಾಕಿಯನ್ನೂ ವಿಚಾರಣೆಗೆ ಒಳಪಡಿಸಬಹುದು ಎಂದಿದೆ.

2022ರ ಮೇ 19ರ ಬುದ್ಧದೇವ್ ಕರ್ಮಾಸ್ಕರ್ ಆದೇಶವನ್ನು ‘ಸುಪ್ರೀಂ ಕೋರ್ಟ್ ಲೈಂಗಿಕ ವೃತ್ತಿಯನ್ನು ಕಾನೂನುಬದ್ಧಗೊಳಿಸಿತು’ ಎಂದು ಅನೇಕರು ಹೇಳುತ್ತಾರೆ. ಅದು ಸರಿಯಲ್ಲ. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೇಮಿಸಿದ್ದ ಸಮಿತಿಯೊಂದು ಲೈಂಗಿಕ ವೃತ್ತಿಯವರ ಕುರಿತು ಹತ್ತು ಶಿಫಾರಸು ಮಾಡಿತ್ತು. ಸ್ವಇಚ್ಛೆಯ ಲೈಂಗಿಕ ವೃತ್ತಿ ಕಾನೂನುಬಾಹಿರವಲ್ಲದ ಕಾರಣ ದಾಳಿಯಲ್ಲಿ ಅವರನ್ನು ಬಂಧಿಸಬಾರದು ಎಂಬ ಶಿಫಾರಸಿಗೆ ಕೇಂದ್ರ ಸರ್ಕಾರ ಆಕ್ಷೇಪವಿದೆ ಎಂದಿತ್ತು. ನ್ಯಾಯಾಲಯ ಜಾರಿಗೆ ಆದೇಶಿಸಿದ್ದು ಆಕ್ಷೇಪವಿಲ್ಲದ ಶಿಫಾರಸುಗಳನ್ನು ಮಾತ್ರ. ಹಾಗೆ ಜಾರಿಯಾದವುಗಳಲ್ಲಿ ನಮಗೆ ಬೇಕಾದದ್ದು, ಪೊಲೀಸರು ಲೈಂಗಿಕ ವೃತ್ತಿಯವರನ್ನು ಘನತೆಯಿಂದ ನಡೆಸಿಕೊಳ್ಳಬೇಕು ಎಂಬುದು ಮತ್ತು ಕಾಂಡೋಮ್ ಬಳಕೆಯನ್ನು ಅಪರಾಧದ ಸಾಕ್ಷಿಯೆಂದು ಎಣಿಸಬಾರದು ಎಂಬುದು.

ಮಾತಾಡಿಕೊಂಡ ಹಣ ಕೊಡದಿದ್ದರೆ ದಾವೆ ಹೂಡಬಹುದೇ? ಇಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 23ನೇ ಕಲಂ ಅನೈತಿಕ ಉದ್ದೇಶದ ಒಪ್ಪಂದವನ್ನು ಅನೂರ್ಜಿತವಾಗಿಸುತ್ತದೆ. ಅದರ ಕೊನೆಯ ದೃಷ್ಟಾಂತ, ಇಂಥ ಒಪ್ಪಂದ ದಂಡಸಂಹಿತೆಯಡಿ ಶಿಕ್ಷಾರ್ಹವಲ್ಲದಿದ್ದರೂ ಅನೂರ್ಜಿತವೇ ಎನ್ನುತ್ತದೆ. ಅನೂರ್ಜಿತ ಬೇರೆ, ಅಪರಾಧ ಬೇರೆ. ಜೊತೆಗೆ ಕೂತು ಊಟ, ಸಿನಿಮಾ, ಮಾತುಕತೆಗಷ್ಟೇ ಹಣ ಎಂಬ ಸಾಂಗತ್ಯಕ್ಕೆ ಇವು ಯಾವುವೂ ತಾಗುವುದಿಲ್ಲ, ಆದರೆ ಹೆಸರಿಗಿಂತ ನಡೆದದ್ದನ್ನೇ ನ್ಯಾಯಾಲಯ ನೋಡುತ್ತದೆ.

ಬೆದರಿಕೆಯ ಪ್ರಶ್ನೆ: ನಾನು ಎಡವಿದ ಜಾಗ

ಮೊದಲಿಗೆ ಪದಗಳ ಗೊಂದಲ. ನಮ್ಮ ಪತ್ರಿಕೆಗಳು ‘ಸುಲಿಗೆ’ ಎಂಬುದನ್ನು ಬೆದರಿಸಿ ವಸೂಲಿ ಮಾಡುವುದಕ್ಕೂ ಮೈಮೇಲೆ ಬಿದ್ದು ಕಿತ್ತುಕೊಳ್ಳುವುದಕ್ಕೂ ಬಳಸುತ್ತವೆ. ನಾನಿಲ್ಲಿ ಮೊದಲನೆಯದನ್ನು ಸುಲಿಗೆ, ಎರಡನೆಯದನ್ನು ದರೋಡೆ ಎನ್ನುತ್ತೇನೆ. ನ್ಯಾಯ ಸಂಹಿತೆಯಲ್ಲಿ ಸುಲಿಗೆ 308, ದರೋಡೆ 309, ಐದು ಅಥವಾ ಹೆಚ್ಚು ಜನ ಸೇರಿದರೆ ಡಕಾಯಿತಿ 310. ಆ್ಯಪ್‌ನಲ್ಲಿ ಕರೆಸಿಕೊಂಡು, ಕೋಣೆಯಲ್ಲಿ ಕೂಡಿಹಾಕಿ, ಚಾಕು ತೋರಿಸಿ ಯುಪಿಐ ಮೂಲಕ ಹಣ ಹಾಕಿಸಿಕೊಂಡರೆ ಅದು 309; ಮನೆಗೆ ಬಂದ ಮೇಲೆ ಫೋನಿನಲ್ಲಿ ಬೆದರಿಸಿದರೆ 308.

ಸುಲಿಗೆ ಎಂದರೆ ಒಬ್ಬನಿಗೆ ‘ಹಾನಿ’ಯ ಭಯ ಹುಟ್ಟಿಸಿ ಅಪ್ರಾಮಾಣಿಕವಾಗಿ ಅವನಿಂದ ಸ್ವತ್ತನ್ನು ಪಡೆಯುವುದು. ನನ್ನ ತಪ್ಪು ಇಲ್ಲಿತ್ತು: ‘ಖ’ ಹೇಳಹೊರಟಿರುವುದು ನಿಜ; ನಿಜ ಹೇಳುತ್ತೇನೆ ಎನ್ನುವುದು ಹೇಗೆ ಹಾನಿಯ ಬೆದರಿಕೆಯಾದೀತು? ಎರಡನೇ ತೊಡಕು ಇನ್ನೂ ಸೂಕ್ಷ್ಮ. ಗೇ ಆಗಿರುವುದರಲ್ಲಿ ತಪ್ಪೇನೂ ಇಲ್ಲ ಎಂದ ಮೇಲೆ, ಒಬ್ಬನನ್ನು ಗೇ ಎಂದು ಹೇಳುವುದರಿಂದ ಅವನ ಮಾನಕ್ಕೆ ಹಾನಿಯಾಗುತ್ತದೆ ಎಂದು ಕಾನೂನಿನಲ್ಲಿ ವಾದಿಸುವುದು ನಮ್ಮ ಮಾತಿಗೆ ನಾವೇ ವಿರುದ್ಧ ಹೋದಂತಲ್ಲವೇ?

ಬಿಡಿಸಿಕೊಂಡದ್ದು ಹೀಗೆ. ಸಂಹಿತೆಯ ಎರಡನೇ ಕಲಮಿನಲ್ಲಿ ‘ಹಾನಿ’ಯ ವ್ಯಾಖ್ಯೆಯಿದೆ: ಯಾರದೇ ದೇಹಕ್ಕೆ, ಮನಸ್ಸಿಗೆ, ಹೆಸರಿಗೆ ಅಥವಾ ಸ್ವತ್ತಿಗೆ ಕಾನೂನುಬಾಹಿರವಾಗಿ ಉಂಟುಮಾಡುವ ಯಾವುದೇ ಕೇಡು. ಮನಸ್ಸೂ ಹೆಸರೂ ಅದರಲ್ಲೇ ಇವೆ. ಈಗ ‘ಕಾನೂನುಬಾಹಿರ’ ಎಂಬ ಪದಕ್ಕೆ ಬನ್ನಿ. ಅಪರಾಧವಾದದ್ದು ಮಾತ್ರವಲ್ಲ, ಸಿವಿಲ್ ದಾವೆಗೆ ಆಧಾರವಾಗುವ ಯಾವುದೂ ಆ ಪದದೊಳಗೆ ಬರುತ್ತದೆ. ಮಾನಹಾನಿಯ 356ನೇ ಕಲಮಿನಲ್ಲಿ ಬರೀ ನಿಜವಾಗಿದ್ದರೆ ರಕ್ಷಣೆಯಿಲ್ಲ; ನಿಜವೂ ಆಗಿರಬೇಕು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಬೇಕಾಗಿಯೂ ಇರಬೇಕು. ‘ಕ’ ಯಾರೊಂದಿಗೆ ಸಂಜೆ ಕಳೆದ ಎಂಬುದನ್ನು ಅವನ ಮ್ಯಾನೇಜರಿಗೆ ತಿಳಿಸುವುದರಲ್ಲಿ ಸಾರ್ವಜನಿಕ ಹಿತ ಎಲ್ಲಿದೆ? ಅಲ್ಲದೆ ಲೈಂಗಿಕ ಒಲವು ಖಾಸಗಿತನದ ಭಾಗ ಎಂದು 2017ರ ತೀರ್ಪು ಹೇಳಿರುವುದರಿಂದ, ಹಾನಿಯಾಗುವುದು ಅವನು ಗೇ ಆಗಿರುವುದರಿಂದಲ್ಲ, ಯಾರಿಗೆ ಯಾವಾಗ ಹೇಳಬೇಕೆಂಬ ಅವನ ಹಕ್ಕನ್ನು ಇನ್ನೊಬ್ಬ ಕಿತ್ತುಕೊಳ್ಳುವುದರಿಂದ. ಇದನ್ನು ಹೀಗೆ ಇಟ್ಟುಕೊಂಡರೆ ಎರಡನೇ ತೊಡಕೂ ಕರಗುತ್ತದೆ.

ಒಂದು ಸುಲಭ ಗುರುತು: ಹಣ ಕೊಟ್ಟಾಗಿದ್ದರೆ 308ರ ಎರಡನೇ ಉಪಕಲಂ, ಏಳು ವರ್ಷದವರೆಗೆ, ಐಪಿಸಿಯಲ್ಲಿ ಇದು ಮೂರೇ ವರ್ಷವಿತ್ತು. ಹಣ ಕೊಡದೆ ಬೆದರಿಕೆ ಮಾತ್ರ ಬಂದಿದ್ದರೆ ಮೂರನೇ ಉಪಕಲಂ, ಎರಡು ವರ್ಷದವರೆಗೆ. ಜೊತೆಗೆ 351ರ ಅಪರಾಧಿಕ ಬೆದರಿಕೆ. ಖಾಸಗಿ ಅಂಗದ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆದಿದ್ದರೆ ಅಥವಾ ಹಂಚಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ, ಲೈಂಗಿಕ ಕ್ರಿಯೆಯ ವಿಡಿಯೊ ಹರಡಿದ್ದರೆ 67ಎ.

ಹಳೆಯ ಐಪಿಸಿಯ 388ನೇ ಕಲಮನ್ನು ಓದಿದಾಗ ನನಗೆ ಬಹಳ ನೋವಾಯಿತು. 377ರ ಆರೋಪ ಹೊರಿಸುತ್ತೇನೆ ಎಂದು ಹೆದರಿಸಿ ಸುಲಿಗೆ ಮಾಡಿದವನಿಗೆ ಜೀವಾವಧಿಯವರೆಗೆ ಶಿಕ್ಷೆ ವಿಧಿಸಬಹುದೆಂದು ಅಲ್ಲಿ ಪ್ರತ್ಯೇಕವಾಗಿ ಬರೆದಿತ್ತು. ಈ ಬಗೆಯ ಸುಲಿಗೆ ನಡೆಯುತ್ತದೆಂದು 1860ರಲ್ಲಿ ಕಾನೂನು ಬರೆದವರಿಗೇ ತಿಳಿದಿತ್ತು. ಆದರೆ ಆರೋಪ ನಿಜವಾಗಿದ್ದವನು ದೂರು ಕೊಟ್ಟರೆ ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡಂತಾಗುತ್ತಿದ್ದುದರಿಂದ ಆ ರಕ್ಷಣೆ ಅವನಿಗೆ ಎಟುಕುತ್ತಿರಲಿಲ್ಲ. 2018ರ ನಂತರ ಆ ಅಡ್ಡಿ ಹೋಗಿದೆ, ಹೆದರಿಕೆ ಮಾತ್ರ ಉಳಿದಿದೆ.

ಹಾಗಾದರೆ ‘ಕ’ನ ಮೂರು ಸಾವಿರದ ಗತಿಯೇನು? ಸುಲಿಗೆಗೆ ಒಳಗಾದವನು ಮೊದಲು ಏನು ಮಾಡಿದ್ದ ಎಂಬುದು 308ರ ಅಂಶಗಳಲ್ಲಿ ಇಲ್ಲ. ಕೋಣೆ ಎಲ್ಲಿತ್ತು, ನಡುವೆ ಏಜೆಂಟ್ ಇದ್ದನೇ ಎಂಬುದರ ಮೇಲೆ ಪೀಟಾದ ಏಳನೇ ಕಲಮಿನ ಅಪಾಯ ಬರಬಹುದು. ಅದನ್ನು ಮುಚ್ಚಿಡದೆ ವಕೀಲರೊಂದಿಗೆ ಮಾತಾಡಿ ದೂರು ಬರೆಯಬೇಕು. ಸುಳ್ಳು ಸೇರಿಸಿದರೆ ಚಾಟ್‌ನ ಸಾಕ್ಷ್ಯವೇ ಅವನಿಗೆ ತಿರುಗುತ್ತದೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100.

ಕೈಯಲ್ಲಿ ಮಾಡುವ ಕೆಲಸ

ಬೆದರಿಕೆ ಬಂದ ಕ್ಷಣ ಎದುರಿನವನನ್ನು ಬ್ಲಾಕ್ ಮಾಡುವುದು ಸಹಜ, ಆದರೆ ಕೆಲವು ಆ್ಯಪ್‌ಗಳಲ್ಲಿ ಬ್ಲಾಕ್ ಮಾಡಿದೊಡನೆ ಇಡೀ ಸಂಭಾಷಣೆ ಮಾಯವಾಗುತ್ತದೆ. ಮೊದಲು ಪ್ರೊಫೈಲ್, ಚಾಟ್, ಫೋನ್ ನಂಬರು, ಯುಪಿಐ ಐಡಿ, ವಹಿವಾಟನ್ನು ಗುರುತಿಸುವ ಯುಟಿಆರ್ ಸಂಖ್ಯೆ ಎಲ್ಲದರ ಚಿತ್ರ ತೆಗೆದಿಡಿ, ಬ್ಲಾಕ್ ಆಮೇಲೆ. ಫೋನನ್ನು ಅಳಿಸಿ ಹೊಸದು ಮಾಡಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ನ್ಯಾಯಾಲಯದ ಮುಂದಿಡಲು ಬೇಕಾದ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಮೂಲ ಸಾಧನ ಬೇಕಾಗುತ್ತದೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಏಕೆಂದರೆ ಹಣ ಮುಂದಿನ ಖಾತೆಗೆ ಸಾಗುವ ಮುನ್ನ ತಡೆಹಿಡಿಯುವ ಅವಕಾಶ ಕೆಲವು ಗಂಟೆಗಳದ್ದು.

‘ಪ್ಲೇಬಾಯ್ ಕೆಲಸ, ದಿನಕ್ಕೆ ಹತ್ತು ಸಾವಿರ’ ಎಂದು ನೋಂದಣಿ ಶುಲ್ಕ, ಗುರುತಿನ ಚೀಟಿ ಶುಲ್ಕ, ಹೋಟೆಲ್ ಠೇವಣಿ ಎಂದು ಒಂದರ ಮೇಲೊಂದು ಕೇಳುವುದು ನೇರ ವಂಚನೆ, 318ನೇ ಕಲಂ. ನಾಚಿಕೆಯಿಂದ ಯಾರೂ ದೂರು ಕೊಡುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಅದು ನಡೆಯುತ್ತದೆ.

ಭೇಟಿಗೆ ಮುನ್ನ ವಿಡಿಯೊ ಕರೆ ಮಾಡಿ, ಮೊದಲ ಭೇಟಿಯನ್ನು ಹೋಟೆಲು ಅಥವಾ ಪಾರ್ಕಿನಲ್ಲಿಟ್ಟುಕೊಳ್ಳಿ, ಒಬ್ಬ ಗೆಳೆಯನಿಗೆ ಲೊಕೇಶನ್ ಕಳಿಸಿ, ಆ್ಯಪ್‌ನಲ್ಲಿ ದೂರ ತೋರಿಸುವ ಆಯ್ಕೆಯನ್ನು ಮುಚ್ಚಿಡಿ. ಯುಪಿಐನ ದಿನದ ಮಿತಿಯನ್ನು ಇಳಿಸಿಟ್ಟರೆ ಕೂಡಿಹಾಕಿದವರಿಗೆ ಸಿಗುವುದು ಕಡಿಮೆಯಾಗುತ್ತದೆ. ಕಾಂಡೋಮ್ ಇಲ್ಲದೆ ಸಂಪರ್ಕವಾಗಿದ್ದರೆ ಎಚ್‌ಐವಿ ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರುಮಾಡಬೇಕು; ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗಬೇಕೆಂದು ಹೇಳುತ್ತಾರೆ.

ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದರೆ, ಪೊಲೀಸ್ ಮತ್ತು ನ್ಯಾಯಾಲಯದ ವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮನ್ನು ತೋರಿಸಿ; ಅಪರಾಧ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ದೂರು ಕಳಿಸಿದವನು ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಆಗಲೂ ದಾಖಲಿಸದಿದ್ದರೆ ಅದೇ ಕಲಮಿನ ನಾಲ್ಕನೇ ಉಪಕಲಮಿನಂತೆ ಎಸ್‌ಪಿಗೆ ಅಂಚೆಯಲ್ಲಿ ಬರೆದು, ಆಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ದೂರಿನಲ್ಲಿ ಸಂಬಂಧದ ವಿವರವನ್ನು ಪುಟಗಟ್ಟಲೆ ಬರೆಯಬೇಕಾಗಿಲ್ಲ. ಯಾರು, ಯಾವ ದಿನ, ಯಾವ ನಂಬರಿನಿಂದ, ಯಾವ ಮಾತಿನಲ್ಲಿ ಹೆದರಿಸಿದರು, ಎಷ್ಟು ಹಣ ಯಾವ ಖಾತೆಗೆ ಹೋಯಿತು ಎಂಬುದು 308ಕ್ಕೆ ಬೇಕಾದ ಅಂಶ. ನಾನು ಎರಡನೇ ಸಲ ಬರೆದ ಉತ್ತರದಲ್ಲಿ ‘ಕ’ನ ದೂರನ್ನು ಈ ಐದು ಸಂಗತಿಗಳಲ್ಲೇ ಮುಗಿಸಿದೆ.