ಕಾಯಂ ಸೇನೆ ಬೇಡ ಎಂದವರೇ ಕಟ್ಟಿದ ಸೇನೆ

ಕಾಯಂ ಸೇನೆ ಬೇಡ, ಜನರ ಕೈಗೇ ಬಂದೂಕು ಕೊಡಿ. 1917ರಲ್ಲಿ ಕ್ರಾಂತಿ ಮಾಡಿ ರಷ್ಯಾದ ಅಧಿಕಾರ ಹಿಡಿದ ಲೆನಿನ್ ಅವರ ಪಕ್ಷದವರು, ಅಂದರೆ ಬೊಲ್ಶೆವಿಕರು, ಅಲ್ಲಿಯವರೆಗೂ ಹೇಳುತ್ತಿದ್ದದ್ದು ಇದನ್ನೇ. 1920ರ ಕೊನೆಗೆ ಅವರ ಹತ್ತಿರ ಸುಮಾರು 50 ಲಕ್ಷ ಜನರ ಸೇನೆ ಇತ್ತು.

ಶುರುವಿನಲ್ಲಿ ಮಾತಿಗೆ ತಕ್ಕ ಹಾಗೇ ನಡೆದುಕೊಂಡರು. 1917ರ ಡಿಸೆಂಬರಿನಲ್ಲಿ ಸೇನೆಯ ಪದವಿ, ಅದನ್ನು ತೋರಿಸುವ ಭುಜಪಟ್ಟಿ ಎಲ್ಲ ರದ್ದು. ಕಮಾಂಡರನ್ನು ಸೈನಿಕರೇ ಓಟು ಹಾಕಿ ಆರಿಸಬೇಕು. 1918ರ ಜನವರಿಯಲ್ಲಿ ಹುಟ್ಟಿದ ಕೆಂಪು ಸೇನೆಗೂ ಇಷ್ಟವಿದ್ದವರು ಮಾತ್ರ ಸೇರಬಹುದಿತ್ತು. ಮರು ತಿಂಗಳೇ, ಮೊದಲ ಮಹಾಯುದ್ಧದಲ್ಲಿ ರಷ್ಯಾದ ಎದುರಾಳಿಯಾಗಿದ್ದ ಜರ್ಮನರು ನುಗ್ಗಿದರು. ಈ ಪಡೆ ಅವರೆದುರು ನಿಲ್ಲಲಿಲ್ಲ.

ಯುದ್ಧ ಖಾತೆ ಬೊಲ್ಶೆವಿಕ್ ನಾಯಕ ಟ್ರಾಟ್‌ಸ್ಕಿಯವರ ಕೈಗೆ ಬಂದದ್ದು ಮಾರ್ಚಿನಲ್ಲಿ. ಬಾಲ್ಕನ್ ಯುದ್ಧವನ್ನು ವರದಿ ಮಾಡಿದ್ದ ಪತ್ರಕರ್ತ ಅವರು, ಸೈನಿಕರಲ್ಲ. ಆದರೂ ಒಂದು ವಿಷಯ ಬೇಗ ಹೊಳೆಯಿತು. ಫಿರಂಗಿಗೆ ಗುರಿ ಲೆಕ್ಕ ಹಾಕುವುದು, ನಕ್ಷೆ ಓದುವುದು, ಸಾವಿರಾರು ಜನರಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ತಲುಪಿಸುವುದು ಘೋಷಣೆ ಕೂಗಿ ಆಗುವ ಕೆಲಸವಲ್ಲ ಅಲ್ವಾ? ಇದೆಲ್ಲ ಗೊತ್ತಿದ್ದದ್ದು ಝಾರ್ ದೊರೆಯ ಹಳೇ ಅಧಿಕಾರಿಗಳಿಗೆ. ಏಪ್ರಿಲ್‌ನಲ್ಲಿ ಕಮಾಂಡರ್ ಚುನಾವಣೆ ನಿಂತಿತು. ಮೇ ಕೊನೆಗೆ ಕಡ್ಡಾಯ ಭರ್ತಿ ಬಂತು. ಬೊಲ್ಶೆವಿಕರಿಗೂ ಅವರ ವಿರೋಧಿಗಳಿಗೂ ನಡೆದ ಅಂತರ್ಯುದ್ಧದಲ್ಲಿ ಸುಮಾರು 48,000 ಹಳೇ ಅಧಿಕಾರಿಗಳು ಕೆಂಪು ಸೇನೆಯಲ್ಲಿ ದುಡಿದರು. 'ಅಧಿಕಾರಿ' ಎನ್ನಲು ಮುಜುಗರ, ಹಾಗಾಗಿ 'ಸೇನಾ ತಜ್ಞ' ಎಂದು ಕರೆದರು! ನಂಬಿಕೆಯೂ ಪೂರ್ತಿ ಇರಲಿಲ್ಲ. ಕಮಾಂಡರ್‌ಗಳ ಪಕ್ಕ ಕಣ್ಣಿಡಲು ಪಕ್ಷದ ಪ್ರತಿನಿಧಿ, ಅಂದರೆ ಕಮಿಸಾರ್. ಆತನ ರುಜು ಇಲ್ಲದೆ ಆದೇಶಕ್ಕೆ ಬೆಲೆಯಿಲ್ಲ. ಶತ್ರುಗಳ ಕಡೆ ಸೇರಿದರೆ ಹೆಂಡತಿ ಮಕ್ಕಳನ್ನು ಬಂಧಿಸುವ ಬೆದರಿಕೆ ಬೇರೆ. ಇಷ್ಟಾದರೂ ಮಹಾ ದಂಡನಾಯಕರಾದ ವಾತ್ಸೆತಿಸ್, ಅವರ ನಂತರ ಬಂದ ಕಾಮೆನೆವ್, ಇಬ್ಬರೂ ಝಾರ್ ಕಾಲದ ಕರ್ನಲ್‌ಗಳೇ.

1919ರ ಮಾರ್ಚಿನ ಪಕ್ಷದ ಮಹಾಧಿವೇಶನದಲ್ಲಿ ಇದೇ ದೊಡ್ಡ ಜಗಳ. ಕ್ರಾಂತಿ ಮಾಡಿದವರು ಹಳೇ ದೊರೆಯ ಕರ್ನಲ್ಲಿನ ಮಾತು ಕೇಳಬೇಕೇ ಎಂಬ ಸಿಟ್ಟು ಸುಮ್ನೆ ಬಂದದ್ದೇನಲ್ಲ. ಲೆನಿನ್ ಹಳಬರನ್ನು ಬಳಸುವ ಪರ ನಿಂತರು. ವಿರೋಧಿಗಳು ಮತದಲ್ಲಿ ಸೋತರು. ಹಳ್ಳಿಯಿಂದ ಬಂದ ಸೈನಿಕನಿಗೆ ಈ ಚರ್ಚೆಗಿಂತ ಹೊಲದ ಚಿಂತೆ ಜಾಸ್ತಿ. ಕೊಯ್ಲು ಬಂದರೆ ಊರಿಗೆ ಓಡುತ್ತಿದ್ದ. ಆ 50 ಲಕ್ಷದಲ್ಲಿ ರಣರಂಗದಲ್ಲಿ ಬಂದೂಕು ಹಿಡಿದವರು ಬಹಳ ಕಡಿಮೆ.

ಯುದ್ಧ ಮುಗಿದ ಮೇಲೆ ದುಡ್ಡಿಲ್ಲದೆ ಸೇನೆ 6 ಲಕ್ಷದ ಒಳಗೆ ಕುಗ್ಗಿತು. 1935ಕ್ಕೆ ಪದವಿಗಳು ಮರಳಿದವು, 1940ಕ್ಕೆ ಜನರಲ್‌ಗಳು. 1943ರಲ್ಲಿ, ಅಂದು ಕಿತ್ತೆಸೆದಿದ್ದ ಭುಜಪಟ್ಟಿಯೂ ವಾಪಸ್ ಬಂತು. 1946ಕ್ಕೆ ಹೆಸರಿನಲ್ಲಿದ್ದ 'ಕೆಂಪು' ಕೂಡ ಹೋಯಿತು.