ನೂರೈವತ್ತು ಮಂದಿ ಹಿಡಿಯುತ್ತಾರೆ, ಊಟಕ್ಕೆ ಎಷ್ಟು ಮಂದಿ?

ಬಳ್ಳಾರಿಯಲ್ಲಿ ಈಗ ಸಣ್ಣ ಮದುವೆಗಳು ಹೆಚ್ಚುತ್ತಿವೆ. ಸಾವಿರ ಜನರ ಕಲ್ಯಾಣ ಮಂಟಪ ಬೇಡ, ಹತ್ತಿರದವರು ನೂರೈವತ್ತು ಮಂದಿ ಸಾಕು ಅನ್ನುವವರು ಹೋಟೆಲಿನ ಮಿನಿ ಹಾಲ್ ನೋಡಲು ಬರುತ್ತಾರೆ. ಬಂದವರು ಕೇಳುವುದು ಒಂದೇ ಪ್ರಶ್ನೆ: "ಹಾಲ್ ಎಷ್ಟ್ ಮಂದಿ ಹಿಡಿತೈತ್ರೀ?" ಮ್ಯಾನೇಜರ್ "ನೂರೈವತ್ತು ಮಂದಿ ಆರಾಮ ಹಿಡಿತಾರ್ರೀ" ಅನ್ನುತ್ತಾರೆ. ಅಲ್ಲಿಗೆ ಮುಂಗಡ ಕೊಟ್ಟಾಯಿತು.

ಮ್ಯಾನೇಜರ್ ಸುಳ್ಳು ಹೇಳಿಲ್ಲ. ಸ್ಟೇಜಿನ ಕಡೆ ಮುಖ ಮಾಡಿ ಕುರ್ಚಿ ಸಾಲು ಹಾಕಿದರೆ ನೂರೈವತ್ತು ಹಿಡಿಯುತ್ತವೆ. ಆದರೆ ನಮ್ಮ ಮಂದಿ ಅಕ್ಷತೆ ಹಾಕಿ ಹಾಗೇ ಮನೆಗೆ ಹೋಗುವುದಿಲ್ಲವಲ್ಲ, ಉಣ್ಣುತ್ತಾರೆ. ಎಲ್ಲಿ?

ಹಳೆಯ ಕಲ್ಯಾಣ ಮಂಟಪಗಳಲ್ಲಿ ಕೆಳಗೋ ಹಿಂದೆಯೋ ಊಟದ ಹಾಲ್ ಬೇರೆಯೇ ಇರುತ್ತದೆ. ಆ ರೂಢಿಯಿಂದಲೇ ಹಿರಿಯರಿಗೆ ಇದನ್ನು ಕೇಳಬೇಕು ಅಂತ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನೋ ಮಗಳೋ ವಾಟ್ಸಾಪ್‌ನಲ್ಲಿ ಫೋಟೋ ನೋಡಿ ಒಪ್ಪಿರುತ್ತಾರೆ. ಫೋಟೋದಲ್ಲಿ ಸ್ಟೇಜು, ದೀಪ, ಹೂವು ಎಲ್ಲಾ ಇರುತ್ತದೆ, ಊಟದ ಜಾಗ ಒಂದು ಬಿಟ್ಟು.

ಲೆಕ್ಕ ನೋಡಿ. 50 ಅಡಿ ಉದ್ದ, 30 ಅಡಿ ಅಗಲದ ಹಾಲ್ ಅಂದರೆ 1500 ಚದರಡಿ. 20 ಅಡಿಗೆ 12 ಅಡಿಯ ಸ್ಟೇಜಿಗೆ 240 ಹೋದರೆ ಉಳಿಯುವುದು 1260. ಬರೀ ಕುರ್ಚಿಗೆ, ಓಡಾಡುವ ದಾರಿ ಸೇರಿ, ತಲೆಗೆ 8 ಚದರಡಿ ಹಿಡಿದರೆ ನೂರೈವತ್ತಕ್ಕೂ ಸ್ವಲ್ಪ ಮೇಲೆ. ಊಟಕ್ಕೆ ಅದು ಸಾಲದು. ಒಬ್ಬರ ಎಲೆಗೆ 2 ಅಡಿ ಉದ್ದ ಬೇಕು, 6 ಅಡಿ ಟೇಬಲ್ಲಿಗೆ ಮೂರೇ ಜನ. ಟೇಬಲ್ ಅಗಲ ಒಂದೂವರೆ ಅಡಿ, ಕುರ್ಚಿಗೆ 2 ಅಡಿ, ಎದುರುಬದುರು ಸಾಲುಗಳ ನಡುವೆ ಬಡಿಸುವವರಿಗೆ 4 ಅಡಿ. ಆ 4 ಅಡಿಯನ್ನು ಮೂರಕ್ಕೆ ಇಳಿಸಿದರೆ ಸಾರಿನ ಬಕೆಟ್ ಹಿಡಿದವರು ಇಬ್ಬರು ಎದುರಾದಾಗ ಒಬ್ಬರು ಹಿಂದಕ್ಕೆ ನಡೆಯಬೇಕಾಗುತ್ತದೆ. ಹೀಗೆ ಹಾಕಿ, ಕುರ್ಚಿಗಳ ಬೆನ್ನ ಹಿಂದೆ ಓಡಾಡಲು 3 ಅಡಿ ಬಿಟ್ಟರೆ ತಲೆಗೆ ಸುಮಾರು 14 ಚದರಡಿ ಬೇಕು, ಕಾಗದದ ಮೇಲೆ 90 ಮಂದಿ. ಕೈ ತೊಳೆಯಲು ಹೋಗುವ ದಾರಿ, ಪಾತ್ರೆ ಇಡುವ ಮೇಜು ಬಿಟ್ಟರೆ ನಿಜಕ್ಕೂ ಕೂರುವುದು 70ರ ಆಸುಪಾಸು. ಟೇಬಲ್ ಅಳತೆ, ಕಂಬಗಳು ಬೇರೆಯಾದರೆ ಇದು ಹೆಚ್ಚುಕಡಿಮೆ ಆಗಬಹುದು. ನೂರೈವತ್ತಂತೂ ಆಗುವುದಿಲ್ಲ.

ಅದೂ ಮುಹೂರ್ತದ ಕುರ್ಚಿಗಳನ್ನೆಲ್ಲ ಎತ್ತಿದ ಮೇಲೆ. ಒಂದೇ ಹಾಲಿನಲ್ಲಿ ಎರಡೂ ಅಂದರೆ ಕುರ್ಚಿ ಎತ್ತಿ ಟೇಬಲ್ ಹಾಕಲು ಅರ್ಧ ಗಂಟೆ. ಆ ಅರ್ಧ ಗಂಟೆ ಬೀಗರು ಎಲ್ಲಿ ನಿಲ್ಲುತ್ತಾರೆ ಅಂತ ಕೇಳಿದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಕಾರಿಡಾರಿನಲ್ಲಿ, ಲಿಫ್ಟಿನ ಮುಂದೆ, ಬಿಸಿಲಲ್ಲಿ.

ಪಂಕ್ತಿಯ ಲೆಕ್ಕವನ್ನೂ ಹಾಕಿ. ಎಲೆ ಹಾಕಲು ಐದು ನಿಮಿಷ, ಬಡಿಸಿ ಉಣ್ಣಲು 25, ಎಲೆ ತೆಗೆದು ಒರೆಸಲು 10, ಒಟ್ಟು 40 ನಿಮಿಷ. ಕರೆದವರು 150 ಅಂದರೆ ಉಣ್ಣುವವರು 175. ಪುರೋಹಿತರು, ವಾಲಗದವರು, ಫೋಟೋದವರು, ಡೆಕೊರೇಷನ್ ಹುಡುಗರು, ಡ್ರೈವರುಗಳು ಯಾರ ಪಟ್ಟಿಯಲ್ಲೂ ಇರುವುದಿಲ್ಲ, ಪಂಕ್ತಿಯಲ್ಲಿ ಮಾತ್ರ ಇರುತ್ತಾರೆ, ಇರಲೇಬೇಕು. 70 ಎಲೆ ಬಿದ್ದರೆ ಮೂರು ಪಂಕ್ತಿ, ಎರಡು ಗಂಟೆ. 40 ಎಲೆ ಮಾತ್ರ ಅಂದರೆ ಐದು ಪಂಕ್ತಿ, ಮೂರು ಗಂಟೆ ಇಪ್ಪತ್ತು ನಿಮಿಷ. ಹನ್ನೊಂದೂವರೆ ಮುಹೂರ್ತಕ್ಕೆ ಕೊನೆಯ ಪಂಕ್ತಿ ಏಳುವಾಗ ಮೂರು ದಾಟಿರುತ್ತದೆ. ಆ ಪಂಕ್ತಿಯಲ್ಲಿ ಕೂರುವವರು ಮನೆಯವರೇ, ಅಷ್ಟೊತ್ತಿಗೆ ಹೋಳಿಗೆ ತಣ್ಣಗಾಗಿರುತ್ತದೆ. ಮೂರು ಪಂಕ್ತಿಗಿಂತ ಹೆಚ್ಚು ಬೇಕಾಗುವ ಜಾಗ ಎಷ್ಟೇ ಚಂದ ಇರಲಿ, ಬಿಡಿ ಅನ್ನುವುದೇ ನನ್ನ ಸಲಹೆ.

"ಬಫೆ ಮಾಡಿಬಿಡ್ತೀವಿ ಬಿಡ್ರೀ" ಅನ್ನುವವರಿದ್ದಾರೆ. ಬಫೆಯಿಂದ ಜಾಗ ಉಳಿಯುತ್ತದೆ, ಒಪ್ಪುತ್ತೇನೆ. ಆದರೆ ಸಣ್ಣ ಮದುವೆಗೆ ಕರೆಯುವುದೇ ಸೋದರಮಾವ, ದೊಡ್ಡಮ್ಮ, ಅಜ್ಜಿಯರನ್ನು. ಮಂಡಿನೋವಿನವರು ಪ್ಲೇಟ್ ಹಿಡಿದು ನಿಂತು ಉಣ್ಣುವುದಿಲ್ಲ. ಬಫೆ ಇಟ್ಟರೂ 40 ಜನಕ್ಕಾದರೂ ಟೇಬಲ್ ಹಾಕಲೇಬೇಕು, ಕೌಂಟರ್ ಎರಡಾದರೂ ಇರಬೇಕು.

ಟೆರೇಸ್ ಮೇಲೆ ಊಟ ಅನ್ನುವ ಹೊಸ ಹುಚ್ಚೂ ಇದೆ. ಮಾಘದಲ್ಲಿ ಸರಿ. ವೈಶಾಖದಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಎಂಟಕ್ಕೂ ಕಾವು ಉಗುಳುತ್ತದೆ. ಸಂಜೆ ಗಾಳಿ-ಮಳೆ ಬಂದರೆ ಶಾಮಿಯಾನ ನಿಲ್ಲುವುದಿಲ್ಲ. ಎಸಿ ಹಾಲ್ ಅಂದವರನ್ನು ಕರೆಂಟ್ ಹೋದರೆ ಜನರೇಟರಿನ ಮೇಲೆ ಎಸಿ ಓಡುತ್ತದೆಯೇ ಅಂತ ಕೇಳಿ. ಎಷ್ಟೋ ಕಡೆ ದೀಪ, ಫ್ಯಾನು ಅಷ್ಟೇ ಓಡುತ್ತವೆ. ಕಿಟಕಿ ಇಲ್ಲದ ಹಾಲಿನಲ್ಲಿ ಅದು ಒಲೆಯೊಳಗೆ ಕೂತ ಹಾಗೆ.

ಹೋಮ ಇರುವ ಮನೆತನದವರು ಹೋಟೆಲ್ ಹಾಲಿನಲ್ಲಿ ಬೆಂಕಿ ಹಚ್ಚಲು ಬಿಡುತ್ತಾರೋ ಇಲ್ಲವೋ ಮೊದಲೇ ತಿಳಿದುಕೊಳ್ಳಬೇಕು. ಹೊಗೆಗೆ ಅಲಾರಂ ಹೊಡೆದುಕೊಂಡರೆ ಮಂತ್ರ ಯಾರಿಗೂ ಕೇಳಿಸುವುದಿಲ್ಲ.

ಅಡುಗೆಯವರು ನಿಮ್ಮವರಾದರೆ ಅಡುಗೆಮನೆಯನ್ನು ಅವರಿಗೇ ತೋರಿಸಿ, ನೀವು ನೋಡಿದರೆ ಸಾಲದು. ಗಾಳಿ ಆಡುತ್ತದೆಯೇ, ಪಾತ್ರೆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ, 19 ಕೆ.ಜಿ. ಸಿಲಿಂಡರ್ ಇಡಲು ಒಲೆಯಿಂದ ದೂರ ಜಾಗ ಇದೆಯೇ ಅಂತ ಅವರ ಕಣ್ಣಿಗೆ ಮೊದಲು ಕಾಣುತ್ತದೆ. ಮನೆಯ ಸಿಲಿಂಡರ್ ತಂದುಬಿಡುತ್ತೇವೆ ಅನ್ನಬೇಡಿ, ಅದಕ್ಕೆ ಅನುಮತಿ ಇಲ್ಲ. ನಮ್ಮೂರಲ್ಲಿ ನಳದ ನೀರು ದಿನಾ ಬರುವುದಿಲ್ಲ. ಅಡುಗೆ, ಪಾತ್ರೆ, ಕೈ, ಶೌಚಾಲಯ ಸೇರಿ ತಲೆಗೆ 25 ಲೀಟರಿನಂತೆ 175 ಮಂದಿಗೆ ಸುಮಾರು 4400 ಲೀಟರ್ ಬೇಕು, ಅಂದರೆ 5000 ಲೀಟರಿನ ಒಂದು ಟ್ಯಾಂಕರ್. ಅಡುಗೆಗೆ ಬೋರಿನ ಗಡಸು ನೀರು ಹಾಕಿದರೆ ಬೇಳೆ ಬೇಗ ಬೇಯುವುದಿಲ್ಲ, ತಡವಾಯಿತೆಂದು ಬೈಗುಳ ಮಾತ್ರ ಅಡುಗೆಯವರಿಗೆ.

ಮುಂಗಡದ ರಸೀದಿಯಲ್ಲಿ ಬರೀ ತಾರೀಖು ಸಾಲದು. ಹಾಲ್ ಎಷ್ಟು ಗಂಟೆಗೆ ಕೈಗೆ ಬರುತ್ತದೆ, ಎಷ್ಟಕ್ಕೆ ಖಾಲಿ ಮಾಡಬೇಕು, ಒಮ್ಮೆಗೆ ಎಷ್ಟು ಎಲೆ ಹಾಕಲು ಟೇಬಲ್-ಕುರ್ಚಿ ಕೊಡುತ್ತಾರೆ, ಡೀಸೆಲ್ ಮತ್ತು ಕ್ಲೀನಿಂಗ್ ಖರ್ಚು ಯಾರದು, ಜಿಎಸ್‌ಟಿ ಸೇರಿದೆಯೋ ಮೇಲೆಯೋ, ಎಲ್ಲವನ್ನೂ ಬರೆಸಿ. "ನೂರೈವತ್ತು ಮಂದಿಗೆ" ಅಂತಷ್ಟೇ ಬರೆದುಕೊಟ್ಟರೆ ಅಲ್ಲೇ ನಿಂತು, ಕುರ್ಚಿಗೋ ಎಲೆಗೋ ಅಂತ ಕೇಳಿ, ಅದನ್ನೂ ಪಕ್ಕದಲ್ಲಿ ಬರೆಸಿಕೊಂಡು ಸಹಿ ಹಾಕಿಸಿ.